ಕಹಳೆಯವನ ಒಸಡು

ಡೆಲ್ಮರ್ ಹೌಗೆನ್‌ನ ಬಗ್ಗೆ ಹೇಳಬೇಕೆಂದರೆ ನನ್ನ ತಪ್ಪನ್ನೂ ಹೇಳಲೇಬೇಕು. ಅಮೆರಿಕದ ಮಿನೆಸೋಟ ರಾಜ್ಯದ ನಮ್ಮ ಚಿಕ್ಕ ಊರಿನಲ್ಲಿ ಅವನು ಶಾಲೆಯ ಬಸ್ ಓಡಿಸುತ್ತಿದ್ದ. ಸೇನೆಯಲ್ಲಿದ್ದವರು ಯಾರೇ ತೀರಿಕೊಳ್ಳಲಿ, ಮಣ್ಣು ಮಾಡುವಾಗ ಕಹಳೆ ಊದುವವನೂ ಅವನೇ. ಮೂವತ್ತೊಂದು ವರ್ಷ, ತುಟಿ ಲೋಹಕ್ಕೆ ಅಂಟಿಕೊಳ್ಳುವಂಥ ಚಳಿಯಲ್ಲೂ, ಒಂದು ಸಾವಿಗೂ ತಪ್ಪಿಸಿದವನಲ್ಲ. ನಾನು ಮಾರ್ಲಿಸ್, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಹಲ್ಲು ಶುಚಿ ಮಾಡುವವಳು.

ಡೆಲ್ಮರ್ ಆರು ತಿಂಗಳಿಗೊಮ್ಮೆ ಬರುತ್ತಿದ್ದ. ಕುರ್ಚಿಯಲ್ಲಿ ಒರಗುವ ಮೊದಲೇ ಕಿಚಾಯಿಸಲು ಶುರು.

"ನೋಡು ಮಾರ್ಲಿಸ್, ಆ ಸೂಜಿ ಹೊರಗೆ ತೆಗೆದ್ರೆ ನಾನು ಬಸ್ ತಗೊಂಡು ಸೀದಾ ಕೆನಡಾಕ್ಕೆ ಹೋಗ್ಬಿಡ್ತೀನಿ."

ಅದು ಸೂಜಿಯಲ್ಲ, ಮೊಂಡು ತುದಿಯ ಅಳತೆ ಕಡ್ಡಿ. ಹಲ್ಲಿಗೂ ಒಸಡಿಗೂ ನಡುವಿನ ಸಂದಿಗೆ ಅದನ್ನು ಇಳಿಸಿ, ಒಂದೊಂದು ಹಲ್ಲಿಗೂ ಆರು ಕಡೆ ಆಳ ನೋಡಬೇಕು. ಮೂರು ಮಿಲಿಮೀಟರಿನೊಳಗಿದ್ದರೆ ಕ್ಷೇಮ. ಅದಕ್ಕಿಂತ ಹೆಚ್ಚಾದರೆ ಒಳಗೆ ಕೊಳೆ ಕೂತು, ಹಲ್ಲನ್ನು ಹಿಡಿದಿರುವ ಮೂಳೆ ಸವೆಯುತ್ತಿದೆ ಎಂದೇ ಅನುಮಾನಿಸಬೇಕು. ವರ್ಷಕ್ಕೊಮ್ಮೆ ಅಳೆಯುವುದು ನಮ್ಮ ಕ್ಲಿನಿಕ್ಕಿನ ನಿಯಮ. ಅವನಿಗೋ ಅದೆಂದರೆ ಆಗದು. ನಮ್ಮೂರಿನಲ್ಲಿ ಎದುರಿಗಿರುವವರಿಗೆ ಮುಜುಗರ ಮಾಡುವುದಕ್ಕಿಂತ ದೊಡ್ಡ ತಪ್ಪಿಲ್ಲ. ನಾನು ನಕ್ಕು, ಹಿಂದಿನ ವರ್ಷದ ಅಂಕಿಗಳನ್ನೇ ಕಂಪ್ಯೂಟರಿಗೆ ಮತ್ತೆ ಹಾಕಿದೆ. ಒಂದು ಸಲವಲ್ಲ, ನಾಲ್ಕು ವರ್ಷ.

ಒಸಡಿನಲ್ಲಿ ರಕ್ತ ಬರುತ್ತಿಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಸಮಾಧಾನವಂತೆ, ಮಣ್ಣಂಗಟ್ಟಿ! ಸಿಗರೇಟು ಸೇದುವವರ ಒಸಡಿನಲ್ಲಿ ರಕ್ತ ಅಷ್ಟಾಗಿ ಕಾಣಿಸುವುದಿಲ್ಲ, ರೋಗ ಮರೆಯಲ್ಲೇ ಬೆಳೆಯುತ್ತದೆ ಎಂದು ಓದಿ ಪಾಸಾದವಳು ನಾನು. ಅವನ ಅಂಗಿ ಜೇಬಿನ ಪ್ಯಾಕೆಟ್ಟು ನನ್ನ ಮೂಗಿನ ಕೆಳಗೇ ಇರುತ್ತಿತ್ತು.

ಮಂಡಿ ಆಪರೇಷನ್ನಿಗೆಂದು ನಾನು ರಜೆ ಹಾಕಿದಾಗ ಬ್ರಿನ್ ಎಂಬ ಹುಡುಗಿ ಬದಲಿಗೆ ಬಂದಳು. ಅವಳು ಅಳೆದಳು. ಏಳು, ಎಂಟು, ಮೇಲಿನ ಮುಂದಿನ ಎರಡು ಹಲ್ಲುಗಳಿಗೆ ಹತ್ತು. ಒಂದೇ ವರ್ಷದಲ್ಲಿ ಹೀಗಾಗಲು ಸಾಧ್ಯವೇ ಎಂದು ಫೋನ್ ಮಾಡಿ ಕೇಳಿದಳು, ಪಾಪ, ಏನೂ ಅರಿಯದವಳು.

ಮರಗಟ್ಟಿಸುವ ಮದ್ದು ಚುಚ್ಚಿ, ಒಸಡಿನಡಿಯ ಬೇರುಗಳನ್ನು ಕೆರೆದು ಶುಚಿ ಮಾಡಿದರು. ಡೆಲ್ಮರ್ ಸಿಗರೇಟು ಬಿಟ್ಟ. ಹಲ್ಲುಸಂದಿಗೆ ದಿನಾ ಪುಟ್ಟ ಬ್ರಷ್ ಹಾಕತೊಡಗಿದ. ಎರಡು ತಿಂಗಳು ಬಿಟ್ಟು ಅಳೆದರೆ ಹಿಂದಿನ ಹಲ್ಲುಗಳು ನಾಲ್ಕಕ್ಕೆ ಇಳಿದಿದ್ದವು. ಮುಂದಿನ ಎರಡನ್ನು ಹಿಡಿದುಕೊಳ್ಳಲು ಮೂಳೆಯೇ ಉಳಿದಿರಲಿಲ್ಲ, ಕೀಳಬೇಕಾಯಿತು. ಕಟ್ಟಿಸಿದ ಹಲ್ಲು ಕಹಳೆಯ ಒತ್ತಡಕ್ಕೆ ಅಲುಗಾಡುತ್ತಿತ್ತು. ಊದಿದರೆ ಬರೀ ಗಾಳಿ.

ಡಾಕ್ಟರಿಗೆ ಎಲ್ಲ ಹೇಳಿ ಬೈಸಿಕೊಂಡೆ. ಆಮೇಲೆ ಬಸ್ ಶೆಡ್ಡಿಗೆ ಹೋದೆ.

"ನಾನು ಅಳೀಲೇ ಇಲ್ಲ ಡೆಲ್ಮರ್. ನಾಲ್ಕು ವರ್ಷ ಸುಳ್ಳು ಬರ್ದೆ."

ಅವನು ಕೈ ಒರೆಸಿಕೊಂಡ.

"ಚುಚ್ಚಿದ್ರೆ ನಂಗೆ ಗೊತ್ತಾಗಲ್ವಾ, ಮಾರಾಯ್ತಿ? ಅಳೀತಿಲ್ಲ ಅಂತ ಗೊತ್ತಿತ್ತು. ಮಾರ್ಲಿಸೇ ಸುಮ್ನೆ ಬಿಟ್ಟಿದ್ದಾಳೆ ಅಂದ್ರೆ ಎಲ್ಲಾ ಸರಿ ಇರುತ್ತೆ ಅಂದ್ಕೊಂಡೆ."

ಅವನು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಮೇ ಕೊನೆಯ ಸೋಮವಾರ, ಯುದ್ಧದಲ್ಲಿ ಸತ್ತವರನ್ನು ನೆನೆಯುವ ದಿನ, ಇಡೀ ಊರು ಸ್ಮಶಾನದಲ್ಲಿ ಸೇರಿತ್ತು. ಮಾಜಿ ಸೈನಿಕರ ಸಂಘದವರು ಹೊಸ ಕಹಳೆಯೊಂದನ್ನು ತರಿಸಿದ್ದರು. ಅದರೊಳಗೊಂದು ಪುಟ್ಟ ಪೆಟ್ಟಿಗೆ, ಗುಂಡಿ ಒತ್ತಿದರೆ ತಾನೇ ನುಡಿಯುತ್ತದೆ. ಹಿಡಿದವನು ತುಟಿಗಿಟ್ಟುಕೊಂಡು ನಿಂತರೆ ಸಾಕು. ಡೆಲ್ಮರ್ ನಿಂತ, ಕೆನ್ನೆಯನ್ನೂ ಉಬ್ಬಿಸಿದ. ಒಂದು ಸ್ವರವೂ ತಪ್ಪಲಿಲ್ಲ.

ಚರ್ಚಿನ ನೆಲಮಾಳಿಗೆಯಲ್ಲಿ ಊಟಕ್ಕೆ ಕೂತಾಗ ಗುಂಡಿಯ ವಿಷಯ ಊರಿಗೆಲ್ಲ ಗೊತ್ತಿದ್ದರೂ ಒಬ್ಬೊಬ್ಬರೇ ಬಂದು ಅವನ ಬೆನ್ನು ತಟ್ಟಿದರು, ಇಷ್ಟು ಚೆನ್ನಾಗಿ ಯಾವತ್ತೂ ಊದಿರಲಿಲ್ಲ ಎಂದರು. ಅವನು ತಲೆ ತಗ್ಗಿಸಿ ಎಲ್ಲರಿಗೂ ಥ್ಯಾಂಕ್ಸ್ ಹೇಳಿದ. ಎದುರಿಗೇ ಕೂತಿದ್ದ ನನ್ನ ಕಡೆ ಮಾತ್ರ ನೋಡಲಿಲ್ಲ.