ಗುಡ್ಡದ ನೀರು ಕೆಂಪಾದಾಗ

ತೂಬಗೆರೆಯ ಗಂಗಲಕ್ಷ್ಮಮ್ಮ ೧೯೯೪ರ ಸುಗ್ಗಿ ಮುಗಿದ ಮೇಲೆ ಗಂಡ ಮುನಿರಾಮಯ್ಯನ ಜೊತೆ ಕುಮಟಾ ಕಡೆಗೆ ಮಣ್ಣು ಕೆಲಸಕ್ಕೆ ಹೋದಳು. ಕಡಲಿನಿಂದ ಒಂದು ಮೈಲಿ ದೂರದಲ್ಲಿ, ಹೊಸ ರಸ್ತೆಗೆಂದು ಗುಡ್ಡವನ್ನು ಗೋಡೆಯ ಹಾಗೆ ನೆಟ್ಟಗೆ ಕಡಿದಿದ್ದರು. ಕೂಲಿಯವರ ತಗಡಿನ ಶೆಡ್ಡುಗಳು ಅದರ ಬುಡದಲ್ಲೇ ಇದ್ದವು.

ಜೂನ್‌ನಲ್ಲಿ ಹಿಡಿದ ಮಳೆ ಬಿಡಲಿಲ್ಲ. ಗುಡ್ಡದಿಂದ ಜಿನುಗುವ ತಿಳಿನೀರನ್ನೇ ಎಲ್ಲರೂ ಅಡುಗೆಗೆ ಹಿಡಿಯುತ್ತಿದ್ದರು. ಒಂದು ಬೆಳಿಗ್ಗೆ ಗಂಗಲಕ್ಷ್ಮಮ್ಮನ ಬಿಂದಿಗೆಗೆ ಕೆಂಪು ರಾಡಿ ಬಿತ್ತು. ಚಿಕ್ಕವಳಿದ್ದಾಗ ಊರ ಕೆರೆ ಏರಿ ಒಡೆಯುವ ಮುಂಚೆ ಹೀಗೇ ಕೆಸರು ಒಸರಿದ್ದನ್ನು ಅವಳು ಕಂಡಿದ್ದಳು.

ಮೇಸ್ತ್ರಿ ಗೋಪಾಲಪ್ಪ ಅವರ ಸೀಮೆಯವನೇ, ನಂದಗುಡಿಯವನು. ಅವನ ಹತ್ತಿರ ಹೋಗಿ, "ಗೋಪಾಲಣ್ಣಾ, ಒಳಗೆ ಮಣ್ಣು ಕರಗ್ತಾ ಐತೆ. ಎಲ್ರುನೂ ಸ್ಕೂಲ್ ಹತ್ರ ಕಳ್ಸಿಬಿಡು" ಎಂದಳು.

ಅವನು ಕಳಿಸಿದ. ಎರಡು ದಿನ ಎಲ್ಲರೂ ಗುಡ್ಡದಿಂದ ದೂರವಿದ್ದ ಶಾಲೆಯ ಜಗಲಿಯ ಮೇಲೆ ಎರಚಲಿಗೆ ನೆನೆದರು. ಗುಡ್ಡ ಬೀಳಲಿಲ್ಲ. ಮುಂದಿನ ವಾರ ಮತ್ತೆ ರಾಡಿ ಬಂದು ಅವಳು ಹೇಳಿದಾಗ ಯಾರೂ ಏಳಲಿಲ್ಲ.

"ಅಕ್ಕಾ, ಇವತ್ತಾದ್ರೂ ಬೀಳ್ತದಾ?" ಎಂದು ಪಕ್ಕದ ಶೆಡ್ಡಿನ ಮುತ್ತಮ್ಮ ನಕ್ಕಳು.

ಮೂರನೆಯ ಸಲ ರಾಡಿ ಬಂದಾಗ ಗಂಗಲಕ್ಷ್ಮಮ್ಮ ಅದನ್ನು ಚೆಲ್ಲಿ ಸುಮ್ಮನೆ ಕೂತಳು. ಹೇಳಿ ಹೇಳಿ ಸಾಕಾಗಿತ್ತು. ಮಧ್ಯಾಹ್ನದ ಹೊತ್ತಿಗೆ ನೀರು ಪೂರ್ತಿ ನಿಂತಿತು. ಅಷ್ಟು ಮಳೆಯಲ್ಲಿ ನೀರು ನಿಂತಿದೆ ಎಂದರೆ ಅದು ಗುಡ್ಡದೊಳಗೇ ತುಂಬಿಕೊಳ್ಳುತ್ತಿದೆ ಎಂದು ಅವಳಿಗೆ ಹೊಳೆಯಿತು. ಕೂಗಿದರೆ ಯಾರೂ ಏಳುವುದಿಲ್ಲ. ಮಲಗಿದ್ದ ಮುತ್ತಮ್ಮನ ಮಗುವನ್ನು ಎತ್ತಿಕೊಂಡು ಶಾಲೆಯ ಕಡೆ ಓಡಿದಳು. "ಅಯ್ಯೋ, ನನ್ ಮಗಾ!" ಎಂದು ಮುತ್ತಮ್ಮ ಬೆನ್ನು ಹತ್ತಿದಳು. ಗಲಾಟೆ ಕೇಳಿ ಮುನಿರಾಮಯ್ಯನೂ ಶೆಡ್ಡುಗಳಲ್ಲಿದ್ದ ಉಳಿದವರೂ ಹಿಂದೆ ಬಂದರು. ಅವರು ಶಾಲೆ ಮುಟ್ಟುವಷ್ಟರಲ್ಲಿ ಗುಡ್ಡ ಕುಸಿಯಿತು.

ಜ್ವರ ಬಂದು ಕೊನೆಯ ಶೆಡ್ಡಿನಲ್ಲಿ ಮಲಗಿದ್ದ ಜವರಪ್ಪ ಮಾತ್ರ ಹಿಂದೆ ಉಳಿದಿದ್ದ; ಮರುದಿನ ಮಣ್ಣಿನಡಿ ಅವನ ಹೆಣ ಸಿಕ್ಕಿತು.

ಊರಿಗೆ ಮರಳಿದ ಮೇಲೆ ಯಾರಾದರೂ ಹೊಗಳಿದರೆ ಅವಳು, "ಬೆಳಿಗ್ಗೆ ಅವ್ನಿಗೆ ಗಂಜಿ ಕೊಟ್ಟಿದ್ದೆ. ಓಡೋವಾಗ ನೆನಪೇ ಬರ್ಲಿಲ್ಲ" ಎನ್ನುತ್ತಿದ್ದಳು.

ಎರಡು ವರ್ಷದ ಮೇಲೆ ಮೈದುನ ಅಪ್ಪಯ್ಯಣ್ಣ ಕೊಟ್ಟಿಗೆ ಕಟ್ಟಲು ಹಿತ್ತಲ ದಿಬ್ಬ ಕಡಿಯತೊಡಗಿದ. ಗಂಗಲಕ್ಷ್ಮಮ್ಮ ಹೋಗಿ ನಿಂತಳು. ಅವಳ ಮುಖ ನೋಡಿ ಅವನೇ ಗುದ್ದಲಿ ಕೆಳಗಿಟ್ಟ.

"ದಿಬ್ಬಕ್ಕೂ ಕೊಟ್ಗೆಗೂ ಎಷ್ಟು ದೂರ ಬಿಡ್ಲಿ ಅತ್ಗೆ?"

ಅವಳು ದಿಬ್ಬದ ಬುಡದಿಂದ ಹೆಜ್ಜೆ ಹಾಕುತ್ತಾ ಬಂದು, ಬೇಲಿಯ ಹತ್ತಿರ ಒಂದು ಕಲ್ಲು ಇಟ್ಟಳು.