ಕಣ್ಣಿನ ಕೆಳಗಿನ ಸೂಜಿ

ಯುಕ್‌ಲಿನ್ ತನ್ನ ವಯಸ್ಸನ್ನು ಯಾರಿಗೂ ಹೇಳಿದವಳಲ್ಲ. ಪರದೇಶದ ಊರು ರಿಚ್‌ಮಂಡಿನ ಈ ಚಹಾ ಮನೆಯಲ್ಲಿ ಬೆಳಗಿನ ಹೊತ್ತು ದುಂಡು ಮೇಜು ಹಿಡಿದು ಕೂರುವ ನಾವೆಲ್ಲ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಹಾಂಗ್‌ಕಾಂಗಿನಿಂದ ಬಂದವರು. ಒಂದೇ ತರಹದ ಕೆಲಸ ಮಾಡಿ ಒಂದೇ ತರಹದ ಸೊಂಟನೋವು ಗಳಿಸಿದವರು. ವಯಸ್ಸು ಕೇಳಿಕೊಳ್ಳುವ ಅಗತ್ಯ ನಮಗಿರಲಿಲ್ಲ. ಆದರೆ ಅವಳು ತನ್ನ ಗಂಡ ಕ್ವಾನ್‌ಗಿಂತ ದೊಡ್ಡವಳು ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು. ಎಷ್ಟು ದೊಡ್ಡವಳು ಎಂದು ನಮ್ಮ ಮೇಜಿನ ಪೂನ್ ಮೇಡಂ ಆಗಾಗ ಲೆಕ್ಕ ಹಾಕುತ್ತಿದ್ದಳು. ಪ್ರತಿಸಲವೂ ಒಂದು ವರ್ಷ ಜಾಸ್ತಿಯಾಗುತ್ತಿತ್ತು.

ಹುಡುಗಿಯಾಗಿದ್ದಾಗ ಯುಕ್‌ಲಿನ್ ವಿಗ್ ಕಾರ್ಖಾನೆಯಲ್ಲಿ ಕೂತು ಬೇರೆಯವರ ತಲೆಗೆ ಕೂದಲು ಹೊಲಿಯುತ್ತಿದ್ದಳು. ಕ್ವಾನ್ ಅಲ್ಲೇ ಪೆಟ್ಟಿಗೆ ಹೊರುವ ಕೆಲಸಕ್ಕೆ ಸೇರಿದ ಪೋರ. ಮದುವೆಯ ದಿನ ಅತ್ತೆಗೆ ಮಂಡಿಯೂರಿ ಚಹಾ ಕೊಟ್ಟರೆ, ಆಕೆ ಬಟ್ಟಲು ತೆಗೆದುಕೊಂಡು ನೆಂಟರ ಕಡೆ ತಿರುಗಿ, "ಸೊಸೆ ತರ್ತೀನಿ ಅಂತ ಹೋದ, ನನಗೊಬ್ಬಳು ತಂಗೀನ ಕರ್ಕೊಂಡು ಬಂದ" ಎಂದಳಂತೆ. ಎಲ್ಲರೂ ನಕ್ಕರಂತೆ. ಆಮೇಲೆ ಇಲ್ಲಿಗೆ ಬಂದು ಅವಳು ಕೋಟುಗಳಿಗೆ ಒಳಪದರ ಹೊಲಿದಳು, ಅವನು ಬೇಕರಿಯ ವ್ಯಾನು ಓಡಿಸಿದ. ಕೆಲಸ ಬಿಟ್ಟ ಮೇಲೆ ಕ್ವಾನ್ ಕೂದಲಿಗೆ ಬಣ್ಣ ಹಚ್ಚಿ, ಎರಡು ತಂತಿಯ ಪಿಟೀಲು ಹಿಡಿದು, ಹಿರಿಯರ ಸಂಘದಲ್ಲಿ ಹಾಡು ಕಲಿಸುವುದಕ್ಕೆ ನಿಂತ. ಒಳ್ಳೆಯ ಮನುಷ್ಯ. ಸ್ವಲ್ಪ ಬಾಯಿ ಜಾಸ್ತಿ.

ಆ ಬಾಯಿಯಿಂದಲೇ ಎಲ್ಲ ಶುರುವಾದದ್ದು. ಚಹಾ ಮನೆಯ ಕೆಲಸಕ್ಕೆ ಹೊಸದಾಗಿ ಬಂದ ಹುಡುಗಿಯೊಬ್ಬಳು ನಮ್ಮ ಮೇಜಿಗೆ ಬಂದು, ಕ್ವಾನ್ ಕಡೆ ಬಾಗಿ, "ಅಂಕಲ್, ನಿಮ್ಮಮ್ಮನಿಗೆ ಗಂಜಿ ಇನ್ನೂ ಮೆತ್ತಗೆ ಮಾಡಿಸ್ಲಾ?" ಎಂದು ಕೇಳಿದಳು. ಪಾಪ, ಮರ್ಯಾದೆಯಿಂದಲೇ ಕೇಳಿದ್ದಳು. ಕ್ವಾನ್ ಅದನ್ನು ತಮಾಷೆಯಲ್ಲಿ ತೇಲಿಸಲು ಹೋಗಿ, "ಹೂಂ ಕಣಮ್ಮ, ಮೆತ್ತಗಿರ್ಲಿ. ನಮ್ಮಮ್ಮ ಬೈತಾಳೆ ಇಲ್ದಿದ್ರೆ" ಎಂದ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಯುಕ್‌ಲಿನ್ ಕೂಡ ನಕ್ಕಳು. ಗಂಜಿ ಬಂತು, ಪೂರ್ತಿ ಕುಡಿದಳು.

ಮಾರನೆಯ ದಿನವೇ ಅವಳು ರಸ್ತೆಯಾಚೆಯ ಯಿಪ್ ಡಾಕ್ಟರ ಬಳಿ ಹೋದಳು. ಯಿಪ್ ಡಾಕ್ಟರು ಗಿಡಮೂಲಿಕೆ ಮತ್ತು ಸೂಜಿಯ ವೈದ್ಯೆ. ನಮ್ಮ ಹೆಂಗಸರಲ್ಲಿ ಅವರ ಬಾಗಿಲು ತಟ್ಟುವವರಿಗೆಲ್ಲ ಮಂಡಿನೋವು, ಕೇಳಿ ನೋಡಿ ಬೇಕಾದರೆ. ಮಂಡಿ ತೋರಿಸಲು ಒಳಗೆ ಹೋದವರ ಹಣೆ ಮಾತ್ರ ನುಣುಪಾಗಿ ಹೊರಗೆ ಬರುತ್ತದೆ. "ಎಲ್ಲಿ ನೋವು?" ಎಂದು ಡಾಕ್ಟರು ಕೇಳಿದರೆ ಯುಕ್‌ಲಿನ್ ಬಾಯಲ್ಲಿ ಹೇಳಲಾರದೆ ಬಾಯಿಯ ಪಕ್ಕದ ಗೆರೆಗಳನ್ನೂ ಕಣ್ಣಿನ ಕೆಳಗಿನ ಚೀಲಗಳನ್ನೂ ಮುಟ್ಟಿ ತೋರಿಸಿದಳು. ಇದನ್ನೆಲ್ಲ ನನಗೆ ಆಮೇಲೆ ಅವಳೇ ಹೇಳಿದ್ದು.

"ಬಣ್ಣ ಬಳಿಯೋ ಕೆಲಸ ಅಲ್ಲ ಇದು" ಎಂದರು ಡಾಕ್ಟರು. "ಒಳಗಿಂದ ರಕ್ತ ಓಡ್ಬೇಕು, ಬಿಗಿದದ್ದು ಸಡಿಲ ಆಗ್ಬೇಕು. ಇಪ್ಪತ್ತರ ಹುಡುಗಿ ಮಾಡಿಕೊಡಿ ಅಂದ್ರೆ ನನ್ನ ಕೈಲಾಗಲ್ಲ."

"ಇಪ್ಪತ್ತು ಬೇಡ. ಅವನ ಹೆಂಡತಿ ಥರ ಕಂಡ್ರೆ ಸಾಕು" ಎಂದಳಂತೆ.

ಕೂದಲಿನಷ್ಟು ಸಣ್ಣ ಸೂಜಿಗಳು ಹಣೆಯಲ್ಲಿ, ಕಣ್ಣಿನ ಅಂಚಿನಲ್ಲಿ, ದವಡೆಯ ಉದ್ದಕ್ಕೂ ನಿಂತವು. ದೀಪ ಆರಿಸಿ ಡಾಕ್ಟರು ಹೊರಗೆ ಹೋದರು. ಕೆಲವು ವಾರ ಹೀಗೇ ನಡೆಯಿತು. ಅವಳ ಮುಖ ಸ್ವಲ್ಪ ಹಗುರಾದದ್ದು ನಿಜ, ನಾನೇ ಗಮನಿಸಿದ್ದೆ. ಅದು ಸೂಜಿಯಿಂದಲೋ, ಜೀವಮಾನದಲ್ಲಿ ಮೊದಲ ಸಲ ಹಗಲಿನಲ್ಲಿ ಸುಮ್ಮನೆ ಮಲಗಿದ್ದರಿಂದಲೋ, ನಾನು ಹೇಳಲಾರೆ.

ಸೂಜಿ ಹಾಕಿಸಿಕೊಳ್ಳುವಷ್ಟು ಕಾಲ ರಕ್ತಕ್ಕೆ ಚುರುಕು ಕೊಡುವ ಬೇರಿನ ಸಾರು ಕುಡಿಯಬೇಡ ಎಂದು ಡಾಕ್ಟರು ಹೇಳಿದ್ದರು. ನಮ್ಮ ಹೆಂಗಸರಿಗೆ ಆ ಸಾರೆಂದರೆ ಅರ್ಧ ಪ್ರಾಣ. ಬಾಣಂತನಕ್ಕೆ ಅದೇ, ಮುಟ್ಟು ನಿಂತರೆ ಅದೇ, ಕೈಕಾಲು ತಣ್ಣಗಾದರೆ ಅದೇ. ಯುಕ್‌ಲಿನ್ ತನ್ನದೇ ಬುದ್ಧಿ ಓಡಿಸಿದಳು. ಸೂಜಿ ರಕ್ತವನ್ನು ಕರೆಯುತ್ತದೆ, ಸಾರು ರಕ್ತವನ್ನು ತರುತ್ತದೆ, ಎರಡೂ ಸೇರಿದರೆ ಕೆಲಸ ಬೇಗ ಮುಗಿಯುತ್ತದೆ. ಕೆಂಪು ಖರ್ಜೂರ, ಕಪ್ಪು ಅಣಬೆ ಎಲ್ಲ ಹಾಕಿ ದೊಡ್ಡ ಪಾತ್ರೆಯಲ್ಲಿ ಕುದಿಸಿ, ಫ್ಲಾಸ್ಕ್ ತುಂಬ ಕುಡಿದು ಹೋಗಿ ಮಲಗಿದಳು. ಕಣ್ಣಿನ ಕೆಳಗಿನ ಸೂಜಿ ತೆಗೆದಾಗ ಒಂದು ಹನಿ ರಕ್ತ ಬಂತು. ಸಂಜೆಗೆ ಕಣ್ಣು ನೇರಳೆ ಬಣ್ಣಕ್ಕೆ ತಿರುಗಿತು, ಬೆಳಗಾಗುವುದರೊಳಗೆ ಆ ಬಣ್ಣ ಕೆನ್ನೆಯವರೆಗೂ ಇಳಿದಿತ್ತು.

ಕ್ವಾನ್ ನೋಡಿ ಗಾಬರಿಯಾದ. "ಕಪಾಟಿನ ಬಾಗಿಲು ಬಡೀತು" ಎಂದಳು. ಅವನು ನಂಬಿದ. ನಂಬಿದ್ದಷ್ಟೇ ಅಲ್ಲ, ಹಳೆಯ ಟವೆಲ್ ಹರಿದು ಕಪಾಟಿನ ಬಾಗಿಲಿನ ಮೂಲೆಗೆಲ್ಲ ಸುತ್ತಿ ಕಟ್ಟಿದ. ಅವನು ಸ್ಟೂಲಿನ ಮೇಲೆ ನಿಂತು ಗಂಟು ಹಾಕುತ್ತಿದ್ದರೆ ಕೆಳಗೆ ಸ್ಟೂಲು ಹಿಡಿದು ನಿಂತವಳಿಗೆ ನಾಚಿಕೆಯಿಂದ ಕಿವಿ ಸುಡುತ್ತಿತ್ತಂತೆ.

ಆಗಲಾದರೂ ಅವಳು ಮನೆಯಲ್ಲೇ ಇರಬಹುದಿತ್ತು. ಇಲ್ಲ, ಕಪ್ಪು ಕನ್ನಡಕ ಹಾಕಿಕೊಂಡು ಚಹಾಕ್ಕೆ ಬಂದಳು.

"ಅದನ್ನ ತೆಗಿಯೇ ಮಾರಾಯ್ತಿ, ಒಳಗೆ ಯಾವ ಬಿಸಿಲು?" ಎಂದು ಪೂನ್ ಮೇಡಂ ತಾನೇ ಕೈಚಾಚಿ ಕನ್ನಡಕ ಎಳೆದಳು. ಮೇಜಿನ ಸುತ್ತ ಎಲ್ಲರೂ ನೋಡಿದೆವು.

"ಕಪಾಟಿನ ಬಾಗಿಲಿಗೆ ಬಡ್ಕೊಂಡಿದ್ದಾಳೆ" ಎಂದ ಕ್ವಾನ್, ಅವಳು ಬಾಯಿ ತೆರೆಯುವ ಮೊದಲೇ. "ಎಷ್ಟು ಹೇಳಿದ್ರೂ ಕೇಳಲ್ಲ ಇವಳು. ನೋಡ್ಕೊಂಡು ಓಡಾಡಲ್ಲ."

ಇಂಥ ಮಾತು ಯಾವ ಗಂಡಸು ಯಾವಾಗ ಆಡುತ್ತಾನೆ ಎಂದು ನಮಗೆ ಗೊತ್ತಿಲ್ಲವೇ? ಆ ಮೇಜಿನಲ್ಲಿ ಕಪಾಟು, ಮೆಟ್ಟಿಲು, ಬಚ್ಚಲಿನ ಜಾರಿಕೆ ಎಲ್ಲವನ್ನೂ ತಮ್ಮ ಕಾಲದಲ್ಲಿ ಹೇಳಿ ಮುಗಿಸಿದವರು ಇದ್ದರು. ಕ್ವಾನ್ ಎಂದಿನಂತೆ ಎದ್ದು ಎಲ್ಲರ ಬಟ್ಟಲಿಗೂ ಚಹಾ ಬಗ್ಗಿಸಿದ. ಹಾಗೆ ಯಾರಾದರೂ ಬಗ್ಗಿಸಿದರೆ ಎರಡು ಬೆರಳಿನಿಂದ ಮೇಜು ತಟ್ಟುವುದು ನಮ್ಮಲ್ಲಿ ಕೈಮುಗಿದ ಹಾಗೆ. ಮಾತಿನ ಮಧ್ಯೆಯೂ ಬೆರಳು ತಾನಾಗಿ ತಟ್ಟುತ್ತದೆ. ಅವತ್ತು ಅವನು ಸುತ್ತು ಮುಗಿಸುವವರೆಗೂ ಒಂದು ಬೆರಳೂ ಅಲುಗಲಿಲ್ಲ. ಅವನಿಗೆ ಏನೂ ತಿಳಿಯಲಿಲ್ಲ. ಯುಕ್‌ಲಿನ್‌ಗೆ ತಿಳಿಯಿತು.

ಹೇಳಿಬಿಡಬೇಕು ಎಂದು ಬಾಯಿಯವರೆಗೂ ಬಂತಂತೆ. ಆದರೆ ಹೇಳುವುದು ಹೇಗೆ? ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ, ಅಮ್ಮ ಎನಿಸಿಕೊಂಡೆನೆಂದು, ಮುಖಕ್ಕೆ ಸೂಜಿ ಚುಚ್ಚಿಸಿಕೊಂಡೆ ಎಂದು, ಅವನ ಎದುರಿಗೇ? ಅವಳು ತಲೆ ತಗ್ಗಿಸಿ ತಟ್ಟೆಯಲ್ಲಿದ್ದದ್ದನ್ನು ತಿಂದಳು.

ಆಮೇಲೆ ಸುದ್ದಿ ತನ್ನ ಪಾಡಿಗೆ ತಾನು ಹೊರಟಿತು. ಕ್ವಾನ್‌ನ ಹಾಡಿನ ತರಗತಿಯ ಹೆಂಗಸರಿಗೆಲ್ಲ ಒಟ್ಟಿಗೇ ನೆಗಡಿ ಬಂತು. ಸಂಘದವರು ಕೊಠಡಿಯ ಬೀಗದ ಕೈ ವಾಪಸು ಕೇಳಿದರು. ಅವನು ಮನೆಗೆ ಬಂದು, "ಹೊಸಬರು ಬೇಕಂತೆ ಅವ್ರಿಗೆ. ನಂಗೂ ವಯಸ್ಸಾಯ್ತಲ್ಲ" ಎಂದು ಪಿಟೀಲನ್ನು ಮಂಚದ ಕೆಳಗೆ ತಳ್ಳಿದ. ಕೊನೆಗೆ ಪೂನ್ ಮೇಡಂ ಮಾರುಕಟ್ಟೆಯಲ್ಲಿ ಮೀನಿನ ಅಂಗಡಿಯ ಮುಂದೆ, ನಾಲ್ಕು ಜನರ ಎದುರು, "ಕೈ ಹೇಗಿದೆ ಕ್ವಾನ್? ನೋವಿಲ್ಲ ತಾನೆ?" ಎಂದು ಕೇಳಿದಾಗ ಅವನಿಗೆ ಅರ್ಥವಾಯಿತು.

ಮೀನು ಕೊಳ್ಳದೆ ಮನೆಗೆ ಬಂದ. "ಯುಕ್‌ಲಿನ್, ನಾನು ಯಾವತ್ತಾದ್ರೂ ನಿನ್ನ ಮೇಲೆ ಕೈ ಎತ್ತಿದ್ದೀನಾ?"

"ಇಲ್ಲ."

"ಮತ್ತೆ ಜನ ಯಾಕೆ ಹಾಗಂತಾರೆ?"

"ಜನಕ್ಕೇನು ಕೆಲಸ. ಬಿಡು" ಎಂದಳಂತೆ. ಇದನ್ನು ನನಗೆ ಹೇಳುವಾಗ ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಸುಳ್ಳು ಹೇಳಿದ್ದಕ್ಕಿಂತ ಆ 'ಬಿಡು' ತನಗೆ ಹೆಚ್ಚು ಹೇಸಿಗೆ ಎಂದಳು.

ಕ್ವಾನ್ ಚಹಾ ಮನೆಯ ಒಳಗೆ ಬರುವುದನ್ನು ನಿಲ್ಲಿಸಿದ. ಅವಳನ್ನು ಬಾಗಿಲಲ್ಲಿ ಇಳಿಸಿ ಕಾರಿನಲ್ಲೇ ಕಾಯುತ್ತಿದ್ದ. ನಾವು ಒಳಗೆ ಅವಳಿಗೆ ಸೀಗಡಿಯ ಕಡುಬುಗಳಲ್ಲಿ ಒಳ್ಳೆಯದನ್ನು ಆರಿಸಿ ಬಡಿಸುತ್ತಿದ್ದೆವು, ಹಬೆಯಾಡುವ ಬಟ್ಟಲನ್ನು ಅವಳ ಕಡೆಗೇ ತಿರುಗಿಸುತ್ತಿದ್ದೆವು. "ತಿನ್ನು, ಗಟ್ಟಿಯಾಗಿರು" ಎಂದು ಬೆನ್ನು ಸವರುತ್ತಿದ್ದೆವು. ಯಾರೂ ಅವಳನ್ನು ಹೀಗೆ ಉಪಚರಿಸಿದವರಲ್ಲ. ಅದರ ರುಚಿ ಹತ್ತಿತು ಎಂದು ಅವಳೇ ಒಪ್ಪಿಕೊಂಡಳು. ಹಾಗೇ ತಿನ್ನುತ್ತಿರುವಾಗ ಒಂದು ಶನಿವಾರ ಗಾಜಿನಾಚೆ ಕಣ್ಣು ಹಾಯಿಸಿದರೆ, ಕ್ವಾನ್ ಕಾರಿನಲ್ಲಿ ಕೂತು ಕಾಗದದ ಚೀಲದಿಂದ ಒಣ ಬನ್ನು ಮುರಿದು ತಿನ್ನುತ್ತಿದ್ದ. ಯಾರೋ ಪರಿಚಯದವರು ಪಕ್ಕದಲ್ಲಿ ಹಾದರು. ಅವನು ಮುಖ ಬಗ್ಗಿಸಿ, ಕೆಳಗೆ ಏನೋ ಬಿದ್ದಿದೆಯೆನ್ನುವಂತೆ ಹುಡುಕಿದ.

ಅವಳು ಚಾಪ್‌ಸ್ಟಿಕ್ ಕೆಳಗಿಟ್ಟಳು. "ಅವನು ನನಗೆ ಹೊಡೆದಿಲ್ಲ" ಎಂದಳು. "ನಾನು ಯಿಪ್ ಡಾಕ್ಟರ ಹತ್ರ ಮುಖಕ್ಕೆ ಸೂಜಿ ಹಾಕಿಸ್ಕೊಂಡೆ. ಚೆನ್ನಾಗಿ ಕಾಣ್ಬೇಕು ಅಂತ. ಸಾರು ಕುಡಿದು ಹೋಗಿದ್ದೆ, ಕಪ್ಪಾಯ್ತು. ಅಷ್ಟೇ."

ಪೂನ್ ಮೇಡಂ ಅವಳ ಕೈ ಹಿಡಿದುಕೊಂಡಳು. "ಮೊದಲು ಕಪಾಟು, ಈಗ ಸೂಜಿ. ಅವನ ಮಾನ ಉಳಿಸೋಕೆ ಇನ್ನೂ ಏನೇನು ಹೇಳ್ತೀಯ ತಾಯಿ? ನಮ್ಮ ಹತ್ರ ಮುಚ್ಚಿಡ್ಬೇಡ."

"ಸತ್ಯ ಹೇಳ್ತಿದ್ದೀನಿ!"

"ಹೂಂ, ಹೂಂ. ತಿನ್ನು ನೀನು."

ಆ ಮೇಜಿನಲ್ಲಿ ಯಿಪ್ ಡಾಕ್ಟರ ಸೂಜಿಗೆ ಮುಖ ಕೊಟ್ಟವರು ಇನ್ನೂ ಇದ್ದರು. ಸೂಜಿಯಿಂದ ಕಣ್ಣು ಕಪ್ಪಾಗುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಒಬ್ಬರ ಬಾಯಿಂದಲೂ ಒಂದು ಮಾತು ಬರಲಿಲ್ಲ, ಎಲ್ಲರಿಗೂ ಮಂಡಿನೋವು. ಹೆಸರು ನಾನು ಹೇಳುವುದಿಲ್ಲ, ನಾಳೆಯೂ ಅವರ ಜೊತೆಯೇ ಕೂರಬೇಕು.

ಯುಕ್‌ಲಿನ್ ಎದ್ದಳು. ಕಾರಿನಲ್ಲಿದ್ದ ಕ್ವಾನ್‌ಗೆ ಕಾಣದ ಹಾಗೆ ಹಿಂದಿನ ಬಾಗಿಲಿಂದ ಹೊರಟು, ರಸ್ತೆ ದಾಟಿ, ಯಿಪ್ ಡಾಕ್ಟರ ಬಳಿ ಹೋದಳು. ನೀವು ಬಂದು ಹೇಳಿ ಎಂದು ಬೇಡಿಕೊಂಡಳು.

"ನಾನು ಹೇಳಿದ್ರೆ, ನೀನು ಹೇಳಿಕೊಟ್ಟು ಕರ್ಕೊಂಡು ಬಂದೆ ಅಂತಾರೆ" ಎಂದರು ಡಾಕ್ಟರು.

"ಹಾಗಾದ್ರೆ ಇಲ್ಲೇ ಸೂಜಿ ಹಾಕಿ. ಈ ಗಾಜಿನ ಮುಂದೆ. ಪರದೆ ಸರಿಸಿ."

"ಹುಚ್ಚಾ ನಿನಗೆ? ಇಡೀ ರಸ್ತೆ ನೋಡುತ್ತೆ."

"ನೋಡ್ಲಿ ಅಂತಲೇ."

ನಾವು ಚಹಾ ಮುಗಿಸಿ ಹೊರಗೆ ಬಂದಾಗ ರಸ್ತೆಯಾಚೆ ಜನ ನಿಂತಿದ್ದರು. ನಾವೂ ಹೋದೆವು. ಗಾಜಿನ ಹಿಂದೆ ಕುರ್ಚಿಯಲ್ಲಿ ಯುಕ್‌ಲಿನ್ ನೆಟ್ಟಗೆ ಕೂತಿದ್ದಳು. ಹಣೆಯ ತುಂಬ, ಕೆನ್ನೆಯ ತುಂಬ, ತುಟಿಯ ಮೇಲೆ, ಗದ್ದದ ಕೆಳಗೆ ಸೂಜಿಗಳು ಹೊಳೆಯುತ್ತಿದ್ದವು. ಮೊದಲಿನ ಕಪ್ಪು ಇನ್ನೂ ಹಳದಿಯಾಗಿ ಉಳಿದಿದ್ದ ಜಾಗದಲ್ಲೇ, ಕಣ್ಣಿನ ಕೆಳಗೆ, ಡಾಕ್ಟರು ಇನ್ನೊಂದು ಚುಚ್ಚಿದರು. ಅವಳು ಬಸ್ಸಿಗೆ ಕಾಯುವವರ ಹಾಗೆ ಕೈ ಮಡಿಲಲ್ಲಿಟ್ಟುಕೊಂಡು ನಮ್ಮನ್ನೇ ನೋಡುತ್ತಿದ್ದಳು. ಒಬ್ಬ ಹುಡುಗ ಫೋನು ಎತ್ತಿ ಫೋಟೋ ತೆಗೆದ. ಪೂನ್ ಮೇಡಂ ನನ್ನ ತೋಳು ಹಿಡಿದು, "ಬಾ ತಾಮಕ್ಕ, ಹೋಗೋಣ" ಎಂದಳು. ನಾನು ಹೋಗಲಿಲ್ಲ. ಇಷ್ಟು ವಯಸ್ಸಾದ ಹೆಂಗಸನ್ನು ಇಲ್ಲಿಯವರೆಗೂ ತಂದು ಕೂರಿಸಿದೆವಲ್ಲ ಎಂದು ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಜನ ಸೇರಿದ್ದು ನೋಡಿ ಕ್ವಾನ್ ಕಾರಿನಿಂದ ಇಳಿದು ಬಂದ. ನಮಗೆ ದಾರಿ ಬಿಡುವುದಕ್ಕೂ ತೋಚಲಿಲ್ಲ; ಅವನೇ ನಮ್ಮ ನಡುವೆ ತೂರಿಕೊಂಡು ಗಾಜಿನ ಬಳಿ ನಿಂತ. ಸ್ವಲ್ಪ ಹೊತ್ತು ನೋಡಿದ. ಆಮೇಲೆ ಒಳಗೆ ಹೋದ. ಬಾಗಿಲು ತೆರೆದೇ ಇತ್ತು.

"ಕಪಾಟಲ್ವಾ?" ಎಂದ.

"ಅಲ್ಲ."

"ಇಷ್ಟು ದಿನ ನಾನು ಕಾರಲ್ಲಿ ಕೂತಿದ್ನಲ್ಲೇ. ಊರಿಗೆ ಹೇಳದಿದ್ರೆ ಹೋಗ್ಲಿ, ನನಗಾದ್ರೂ ಹೇಳಬಾರದಾಗಿತ್ತಾ?"

ಸೂಜಿ ಅಲುಗದ ಹಾಗೆ, ತುಟಿ ಅಷ್ಟಕ್ಕಷ್ಟೇ ತೆರೆದು ಅವಳು ಹೇಳಿದ್ದು ಹೊರಗೆ ನಿಂತ ನಮಗೂ ಕೇಳಿಸಿತು. "ಊರಿಗೆ ಹೇಳಿಬಿಟ್ಟೆ ನೋಡು. ನಿನಗೇ ಹೇಳೋಕೆ ಆಗ್ಲಿಲ್ಲ."

ಕಣ್ಣಿನ ಕೆಳಗಿನ ಸೂಜಿಯ ಪಕ್ಕದಲ್ಲೇ ಅವಳ ಕಣ್ಣೀರು ಇಳಿಯಿತು. ಒರೆಸಲು ಕೈ ಎತ್ತಿದ ಕ್ವಾನ್ ಎಲ್ಲಿ ಮುಟ್ಟಬೇಕೆಂದು ತಿಳಿಯದೆ ಕೈಯನ್ನು ಹಾಗೇ ಇಳಿಸಿದ. ಆಮೇಲೆ ಗಾಜಿನ ಕಡೆ ತಿರುಗಿ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪರದೆಯ ಅಂಚು ಹಿಡಿದು ನಿಧಾನವಾಗಿ ಕೊನೆಯವರೆಗೂ ಎಳೆದ.

ಯಿಪ್ ಡಾಕ್ಟರು ಹೊರಗೆ ಬಂದು ಬಾಗಿಲು ಮುಚ್ಚಿದರು. "ಸೂಜಿ ತೆಗೆಯೋಕೆ ಇನ್ನೂ ಅರ್ಧ ಗಂಟೆ ಇದೆ. ಎಲ್ಲಾ ಮನೆಗೆ ಹೋಗಿ" ಎಂದರು. ನಾವು ಒಬ್ಬರ ಮುಖ ಒಬ್ಬರು ನೋಡದೆ ಬೇರೆ ಬೇರೆ ದಾರಿ ಹಿಡಿದು ಹೊರಟೆವು.