ಮಾತು ಮುಗಿಯುವ ಮೊದಲೇ ಚುಚ್ಚಿಕೊಂಡ ಸೂಜಿ

ಗೋಕುಲಂ ಬಡಾವಣೆಯ ಒಂದು ಹೋಟೆಲಿನ ಆರು ಮೇಜು, ಇಪ್ಪತ್ತನಾಲ್ಕು ಕುರ್ಚಿ ನನಗೆ ಐವತ್ತೆರಡು ಸಾವಿರಕ್ಕೆ ಸಿಕ್ಕವು. ಎಲ್ಲ ತೇಗ. ಹೋಟೆಲು ನಡೆಸುತ್ತಿದ್ದ ಹುಡುಗಿ ಕೇಳಿದ್ದು ಎಂಬತ್ತು, ನ್ಯಾಯವಾಗಿ ಎಪ್ಪತ್ತಾದರೂ ಬಾಳುವ ಮಾಲು. ಅಷ್ಟು ಅಗ್ಗವಾಗಿದ್ದು ನನ್ನ ಚೌಕಾಸಿಯ ಚಾಲಾಕಿನಿಂದಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಹೊಟ್ಟೆಗೆ ಚುಚ್ಚಿಕೊಂಡ ಇನ್ಸುಲಿನ್ನಿನಿಂದ. ಆ ಕುರ್ಚಿಗಳನ್ನು ನೋಡಿ ಯಾರಾದರೂ ಒಳ್ಳೇ ವ್ಯಾಪಾರ ಅಂದರೆ ನಾನು ಬೇರೆ ಕಡೆ ತಿರುಗಿಕೊಳ್ಳುತ್ತೇನೆ.

ಕೆಸರೆಯಲ್ಲಿ ನನ್ನದು ಹಳೇ ಫರ್ನಿಚರ್ ಅಂಗಡಿ. ತಳ್ಳುಗಾಡಿಯಲ್ಲಿ ಮುರಿದ ಕುರ್ಚಿ ಕೊಳ್ಳುತ್ತ ಶುರು ಮಾಡಿದವನು ನಾನು. ಈ ಕಸುಬಿಗೆ ಎರಡು ಕಟ್ಟುಪಾಡು ನಾನೇ ಹಾಕಿಕೊಂಡಿದ್ದೆ. ರೇಟು ಕುದುರುವ ತನಕ ಮಾರುವವರ ಮನೆಯಲ್ಲಿ ನೀರು ಬಿಟ್ಟು ಏನನ್ನೂ ಬಾಯಿಗೆ ಹಾಕಬಾರದು. ಉಪ್ಪು ತಿಂದ ಬಾಯಿ ಗಟ್ಟಿಯಾಗಿ ಮಾತಾಡುವುದಿಲ್ಲ. ಇನ್ನೊಂದು, ನಮ್ಮ ಕುಂದು ಎದುರಿನವರಿಗೆ ಗೊತ್ತಾಗಬಾರದು. ಹಾಗಾಗಿ ಇನ್ಸುಲಿನ್ ಶುರುವಾಗಿ ಮೂರು ವರ್ಷವಾಗಿದ್ದರೂ ಹೆಂಡತಿ, ಡಾಕ್ಟರು ಬಿಟ್ಟರೆ ಯಾರಿಗೂ ಹೇಳಿರಲಿಲ್ಲ.

ಹೋಟೆಲಿನವಳು ನನ್ನ ಮಗಳ ವಯಸ್ಸಿನವಳು. ಯೋಗ ಕಲಿಯಲು ಬರುವ ವಿದೇಶದವರನ್ನು ನಂಬಿ ನಡೆಸುತ್ತಿದ್ದಳು, ನಡೆಯದೆ ಮುಚ್ಚುತ್ತಿದ್ದಳು. ಬಾಗಿಲಲ್ಲೇ ಹೇಳಿಬಿಟ್ಟಳು: "ಅಡುಗೆಯವರಿಬ್ರಿಗೆ ಕೊನೇ ಸಂಬಳ ಕೊಟ್ಟು ಕಳಿಸ್ಬೇಕು ಸಾರ್. ಇವತ್ತೇ ಮುಗಿಸ್ಬಿಡೋಣ."

ಅವಸರದಲ್ಲಿದ್ದಾಳೆ, ಇಳಿಯುತ್ತಾಳೆ ಎಂದಷ್ಟೇ ನನ್ನ ಕಿವಿಗೆ ಕೇಳಿಸಿತು.

ಮಧ್ಯಾಹ್ನ ಒಂದು ಗಂಟೆ. "ಪಿಜ್ಜಾ ಒಲೆಗೆ ಹಾಕಿದೀನಿ. ಹತ್ತೇ ನಿಮಿಷ, ತಿನ್ಕೊಂಡೇ ಹೋಗ್ಬೇಕು" ಅಂದಳು.

"ನಾನು ಯಾವತ್ತೂ ತಿಂದೇ ಇಲ್ಲ ಕಣಮ್ಮ."

"ಅದಕ್ಕೇ ತಿನ್ನಿ ಸಾರ್. ಈ ಹೋಟ್ಲಿಗೆ ಕೊನೇ ಗಿರಾಕಿ ನೀವೇ."

ಮನೆಯ ಅನ್ನ ಸಾರಿಗೆ ಹದಿನೈದು ನಿಮಿಷ ಮುಂಚೆ ಚುಚ್ಚಿಕೊಳ್ಳುವುದು ನನ್ನ ರೂಢಿ. ಇದೂ ಎರಡು ಮೂರು ಚಪಾತಿಯಷ್ಟೇ ತಾನೆ ಎಂದು ನಾನೇ ತೀರ್ಮಾನಿಸಿ, ಕೈ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋಗಿ ಇನ್ಸುಲಿನ್ ಪೆನ್ ಹೊಟ್ಟೆಗೆ ಒತ್ತಿಬಿಟ್ಟೆ. ಊಟ ಬರುವಷ್ಟರಲ್ಲಿ ರೇಟು ಮುಗಿಸುತ್ತೇನೆ ಎಂಬ ಜಂಬ.

ಪಿಜ್ಜಾ ಹೇಳಿದ ಹೊತ್ತಿಗೆ ಬಂತು. ರೇಟು ಮಾತ್ರ ಬರಲಿಲ್ಲ. ಅವಳು ಎಪ್ಪತ್ತೆರಡಕ್ಕೆ ಇಳಿದು ನಿಂತಳು, ನಾನು ಐವತ್ತೆರಡು ಬಿಟ್ಟು ಅಲುಗಲಿಲ್ಲ.

"ಆರೋಗ್ತಿದೆ ಸಾರ್, ತಿಂತಾ ಮಾತಾಡಿ."

"ಮೊದ್ಲು ಮಾತು, ಆಮೇಲೆ ಊಟ."

"ಪಿಜ್ಜಾಗೇನೂ ಅಡ್ವಾನ್ಸ್ ಕೇಳ್ತಿಲ್ಲ ಸಾರ್ ನಾನು!"

ಇಬ್ಬರೂ ನಕ್ಕೆವು. ತಟ್ಟೆ ಮಾತ್ರ ನಾನು ಮುಟ್ಟಲಿಲ್ಲ. ಕುರ್ಚಿ ಒಂದೊಂದನ್ನೂ ತಿರುಗಿಸಿ, ಕಾಲು ಅಲ್ಲಾಡಿಸಿ ತಪ್ಪು ಹುಡುಕುತ್ತ ಹೋದೆ. ಚೀಸ್ ಗಟ್ಟಿಯಾಗಿ ಬಿಳಿಚಿಕೊಂಡಿತು. ಮುಕ್ಕಾಲು ಗಂಟೆ ಕಳೆದಿರಬೇಕು, ತುಟಿ ಜುಮ್ಮೆಂದಿತು. ಕತ್ತಿನ ಹಿಂದೆ ಬೆವರು. ಸಕ್ಕರೆ ಇಳಿಯುತ್ತಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಜೇಬಿನ ಪೆಪ್ಪರಮೆಂಟಿಗೆ ಕೈ ಹಾಕಿದವನು, ಅವಳು ನೋಡುತ್ತಾಳೆಂದು ಕೈ ಹಿಂದಕ್ಕೆ ತೆಗೆದೆ.

ಆಮೇಲೆ ನಾಲಿಗೆ ನನ್ನ ಹತೋಟಿಯಲ್ಲಿರಲಿಲ್ಲ. ಕುರ್ಚಿಯೊಂದನ್ನು ಕಾಲಿನಿಂದ ಒದ್ದು, "ಹುಳ ತಿಂದಿರೋ ಸೌದೇನ ತೇಗ ಅಂತ ಮಾರ್ತೀಯಾ? ನಿನ್ನಂಥ ಕಳ್ಳೀರನ್ನ ಎಷ್ಟು ಜನ ನೋಡಿಲ್ಲ ನಾನು!" ಅಂದೆ. ಹುಳ ಇರಲಿಲ್ಲ.

ಅವಳು ನನ್ನ ಕೈ ನಡುಗುವುದನ್ನು ನೋಡುತ್ತಿದ್ದಳು. "ಸಾರ್, ನಿಮ್ಗೆ ಶುಗರ್ ಇದೆಯಾ?"

"ಇಲ್ಲ. ಐವತ್ತೆರಡು."

"ಇದೆ ಸಾರ್. ನಮ್ಮಪ್ಪಂಗೂ ಹಿಂಗೇ ಆಗೋದು." ಓಡಿಹೋಗಿ ಸಕ್ಕರೆ ಕದಡಿದ ನೀರು ತಂದಳು. "ಕುಡೀರಿ."

"ಐವತ್ತೆರಡು ಅಂದ್ರೆ ಐವತ್ತೆರಡು."

"ಆಯ್ತು ಸಾರ್, ಐವತ್ತೆರಡೇ! ಮೊದ್ಲು ಇದನ್ನ ಕುಡೀರಿ." ಲೋಟ ಅವಳೇ ಹಿಡಿದು ಕುಡಿಸಿದಳು.

ಕಾಲು ಗಂಟೆಯಲ್ಲಿ ತಲೆ ತಿಳಿಯಾಯಿತು. ಬಿದ್ದ ಕುರ್ಚಿಯನ್ನು ಅವಳು ಎತ್ತಿ ನಿಲ್ಲಿಸಿ ಒರೆಸುತ್ತಿದ್ದಳು. ನಾನು ಆಡಿದ್ದೆಲ್ಲ ನೆನಪಿತ್ತು. ತಪ್ಪಾಯ್ತು ಕಣಮ್ಮ ಅನ್ನಬೇಕಿತ್ತು. ನನ್ನ ಬಾಯಿಂದ ಬಂದದ್ದು: "ಹಾಗಾದ್ರೆ ಐವತ್ತೆರಡಕ್ಕೆ ಮಾತಾಯ್ತಲ್ಲಮ್ಮ?"

ಅವಳು ಒರೆಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. "ಆಯ್ತು ಸಾರ್."

ಬೈದದ್ದನ್ನು ಇಳಿದ ಸಕ್ಕರೆಯ ಮೇಲೆ ಹಾಕಬಹುದು. ಈ ಮಾತನ್ನು ಹಾಕಲಾರೆ. ಆಮೇಲೆ, ವ್ಯಾಪಾರ ಮುಗಿಯಿತಲ್ಲ, ತಣ್ಣಗಾದ ಪಿಜ್ಜಾವನ್ನು ನಾಲ್ಕು ತುಂಡು ತಿಂದೆ.

ಸಂಜೆ ಮನೆಯಲ್ಲಿ ನೋಡಿದರೆ ಸಕ್ಕರೆ ಮುನ್ನೂರು ದಾಟಿತ್ತು. ಹೆಂಡತಿ ಎಲ್ಲ ಕೇಳಿಸಿಕೊಂಡು, "ಚೌಕಾಸಿ ಮಾಡಕ್ಕೆ ಬಾಯಿತ್ತು, ಸೂಜಿ ಚುಚ್ಕೊಂಡಿದೀನಿ ಅನ್ನಕ್ಕೆ ಬಾಯಿರ್ಲಿಲ್ವೇನ್ರೀ?" ಅಂದಳು. ರೇಟಿನ ವಿಷಯ ಮಾತ್ರ ಅವಳಿಗೂ ಹೇಳಲಿಲ್ಲ. ಮರುದಿನ ಡಾಕ್ಟರು ಬಿಡಿಸಿ ಹೇಳಿದರು: ಚೀಸು, ಎಣ್ಣೆ ಇರುವ ಊಟ ನಿಧಾನವಾಗಿ ಕರಗುತ್ತದೆ, ಸಕ್ಕರೆ ತಡವಾಗಿ ಏರುತ್ತದೆ. ನನ್ನ ಔಷಧಿ ಅನ್ನ ಸಾರು ಕರಗುವಷ್ಟು ಹೊತ್ತಿನಲ್ಲೇ ಕೆಲಸ ಮುಗಿಸಿ ಹೋಗಿತ್ತು.

ನಾಲ್ಕನೇ ದಿನ ಅವಳಿಗೆ ಫೋನ್ ಮಾಡಿದೆ. "ಉಳಿದ ಇಪ್ಪತ್ತು ಸಾವಿರ ಕಳಿಸ್ತೀನಮ್ಮ, ಅವತ್ತು ನಾನು ಸರಿ ಇರ್ಲಿಲ್ಲ."

"ಬೇಡ ಬಿಡಿ ಸಾರ್, ಮಾತು ಅಂದ್ಮೇಲೆ ಮಾತು. ಸಂಬಳಕ್ಕೆ ಹೆಂಗೋ ಹೊಂದಿಸ್ದೆ. ಈಗ ಶುಗರ್ ಹೆಂಗಿದೆ?"

ಬೇಡ ಅಂದಾಗ ಒಂದು ಗಳಿಗೆ ನನಗೆ ಹಗುರವಾಯಿತು. ಬರೆಯಲು ನಾಚಿಕೆಯಾಗುವುದು ಅದನ್ನೇ. ಹಣ ಕಳಿಸಿದೆ, ಆದರೆ ಮಾರನೆಯ ದಿನ. ಅಷ್ಟು ಹೊತ್ತು ಬೇಕಾಯಿತು ನನಗೆ.

ನೀವೂ ಸೂಜಿಯವರಾಗಿದ್ದರೆ ಕೇಳಿ. ಗೊತ್ತಿಲ್ಲದ ತಿಂಡಿಗೆ ಗೊತ್ತಿರುವ ತಿಂಡಿಯ ಲೆಕ್ಕ ಹಾಕಬೇಡಿ. ಎಷ್ಟು, ಯಾವಾಗ ಎಂದು ನಿಮ್ಮ ಡಾಕ್ಟರನ್ನೇ ಮೊದಲು ಕೇಳಿಟ್ಟುಕೊಳ್ಳಿ, ನನ್ನ ಲೆಕ್ಕ ನಿಮಗೆ ಬೇಡ. ಹೊಸದನ್ನು ಮೊದಲ ಸಲ ಮನೆಯಲ್ಲೇ, ಸ್ವಲ್ಪವೇ ತಿಂದು ನೋಡಿ. ತಿಂದು ಎರಡು ಗಂಟೆಯಾದ ಮೇಲೊಮ್ಮೆ, ಮಲಗುವ ಮೊದಲು ಇನ್ನೊಮ್ಮೆ ಸಕ್ಕರೆ ಪರೀಕ್ಷಿಸಿ. ಚುಚ್ಚಿಕೊಂಡಾದ ಮೇಲೆ ಎಂಥ ಕೆಲಸವಿದ್ದರೂ ಊಟ ಮುಂದಕ್ಕೆ ಹಾಕಬೇಡಿ. ತುಟಿ ಜುಮ್ಮೆಂದರೆ ಎಲ್ಲರೆದುರೇ ಸಿಹಿ ಬಾಯಿಗೆ ಹಾಕಿಕೊಳ್ಳಿ. ಬೇರೆಯವರ ಮನೆಯಲ್ಲಾದರೆ ಪೆನ್ ತೆಗೆಯುವ ಮೊದಲು ಬಡಿಸುವವರನ್ನು ಬಾಯಿಬಿಟ್ಟು ಕೇಳಿ: "ನಾನು ಇನ್ಸುಲಿನ್ ತಗೊಳ್ಳೋನು, ಊಟಕ್ಕೆ ಎಷ್ಟು ಹೊತ್ತಾಗುತ್ತೆ?"